ಡೆಂಚರ್‌ಗೆ ಅಕ್ಲೂಸಲ್ ಪ್ಲೇನ್ ಗುರುತಿಸುವುದು ಹೇಗೆ?

ಹಲ್ಲೇ ಇಲ್ಲದ ಬಾಯಲ್ಲಿ ಈ ಪ್ಲೇನ್, ಅಂದರೆ ಮೇಲಿನ-ಕೆಳಗಿನ ಹಲ್ಲುಗಳು ಕೂಡುವ ಮಟ್ಟ, ಎಲ್ಲಿರಬೇಕು ಅಂತ ಮುಖವೇ ಹೇಳುತ್ತದೆ.

ಮೊದಲು ಮೇಲಿನ ವ್ಯಾಕ್ಸ್ ರಿಮ್ (ಹಲ್ಲಿನ ಸಾಲಿನ ಜಾಗದಲ್ಲಿ ಕೂರುವ ಮೇಣದ ಪಟ್ಟಿ) ಹಾಕಿ, ರೋಗಿಯನ್ನು ನೆಟ್ಟಗೆ ಕೂರಿಸಿ. ತುಟಿ ಸಡಿಲವಾಗಿರುವಾಗ ರಿಮ್‌ನ ಅಂಚು ಮೇಲ್ತುಟಿಯ ಕೆಳಗೆ 1ರಿಂದ 2 ಮಿ.ಮೀ. ಕಾಣಲಿ. ವಯಸ್ಸಾದವರಲ್ಲಿ ಇನ್ನೂ ಕಮ್ಮಿ ಸಾಕು, ಮೇಲ್ತುಟಿ ಜೋತುಬಿದ್ದಿರುತ್ತದೆ ಅಲ್ವಾ. ಆಮೇಲೆ ರಿಮ್‌ಗೆ ಫಾಕ್ಸ್ ಪ್ಲೇನ್ (ಮಟ್ಟ ನೋಡುವ ಚಪ್ಪಟೆ ಸಾಧನ) ಇಟ್ಟು ಎದುರಿನಿಂದ ನೋಡಿ: ಎರಡು ಕಣ್ಣಿನ ಪಾಪೆ ಸೇರಿಸುವ ಗೆರೆಗೆ ಅದು ಸಮಾನಾಂತರವಾಗಿರಬೇಕು. ಪಕ್ಕದಿಂದ ನೋಡಿದಾಗ ಮೂಗಿನ ಹೊಳ್ಳೆಯಿಂದ ಕಿವಿಯ ಟ್ರೇಗಸ್‌ವರೆಗಿನ (ಕಿವಿಯ ತೂತಿನ ಮುಂದಿರುವ ಚಿಕ್ಕ ಉಬ್ಬು) ಗೆರೆಗೆ ಸಮಾನಾಂತರ. ಟ್ರೇಗಸ್‌ನ ಮೇಲ್ತುದಿಯೋ, ನಡುವೋ, ಕೆಳತುದಿಯೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ, ಹಾಗಾಗಿ ಈ ಗೆರೆಯೊಂದನ್ನೇ ನಂಬಿಕೊಂಡು ವ್ಯಾಕ್ಸ್ ಕೆರೆಯಬೇಡಿ.

ನನಗೆ ಜಾಸ್ತಿ ಭರವಸೆ ಕೆಳದವಡೆಯ ರೆಟ್ರೋಮೋಲಾರ್ ಪ್ಯಾಡ್ (ಕೊನೆಯ ದವಡೆ ಹಲ್ಲಿನ ಹಿಂದಿರುವ ಮೆತ್ತನೆಯ ದಿಂಬಿನಂಥ ಭಾಗ) ಮೇಲೆ. ಹಲ್ಲು ಹೋಗಿ ಎಷ್ಟೋ ಕಾಲವಾಗಿ ಉಳಿದ ಮೂಳೆ ಸವೆದರೂ ಇದು ಹೆಚ್ಚು ಬದಲಾಗುವುದಿಲ್ಲ. ಹಿಂದುಗಡೆ ಪ್ಲೇನ್ ಈ ಪ್ಯಾಡ್‌ನ ಎತ್ತರದ ಅರ್ಧದಿಂದ ಮೂರನೇ ಎರಡು ಭಾಗದೊಳಗೆ ಬರಲಿ, ಮುಂದುಗಡೆ ಬಾಯಿಯ ಮೂಲೆಯ ಮಟ್ಟಕ್ಕೆ. ನಾಲಿಗೆ ಸುಮ್ನೆ ಇದ್ದಾಗ ಅದರ ಪಕ್ಕದ ಅಂಚಿಗಿಂತ ಪ್ಲೇನ್ ತುಸು ಕೆಳಗಿರಲಿ. ಎತ್ತರ ಜಾಸ್ತಿಯಾದರೆ ನಾಲಿಗೆ ಊಟವನ್ನು ಹಲ್ಲಿನ ಮೇಲೆ ತಳ್ಳಲಾರದು, ಕೆಳಗಿನ ಸೆಟ್ಟೂ ಅಲುಗಾಡುತ್ತದೆ.

ಗುರುತುಗಳು ಒಂದಕ್ಕೊಂದು ಹೊಂದದಿದ್ದರೆ ಮುಂದೆ ತುಟಿಯ ಮಾತು ಕೇಳಿ, ಹಿಂದೆ ಪ್ಯಾಡ್‌ನ ಮಾತು.