ನೆಲ ನಡುಗಿದ್ದು ಎಲ್ಲಿ, ಎಷ್ಟು? ಲೆಕ್ಕ ಹಾಕುವುದು ಹೀಗೆ

ಭೂಕಂಪಮಾಪಕದ ಗೆರೆಯಲ್ಲಿ ಮೊದಲು ಹುಡುಕಬೇಕಾದದ್ದು ಎರಡು ಕ್ಷಣಗಳನ್ನು. ಮೊದಲು ಬರುವ, ಶಿಲೆಯನ್ನು ಹಿಂದೆ-ಮುಂದೆ ತಳ್ಳುವ ಪಿ ಅಲೆ ಮುಟ್ಟಿದ್ದು ಯಾವಾಗ, ಅದರ ಹಿಂದೆ ಬರುವ, ಶಿಲೆಯನ್ನು ಅಡ್ಡಕ್ಕೆ ಅಲುಗಿಸುವ ಎಸ್ ಅಲೆ ಮುಟ್ಟಿದ್ದು ಯಾವಾಗ? ಮೇಲ್ಪದರದ ಗಟ್ಟಿ ಶಿಲೆಯಲ್ಲಿ ಪಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡಿದರೆ ಎಸ್ ಸುಮಾರು 3.5 ಕಿ.ಮೀ. ಅಷ್ಟೇ. ದೂರ ಹೆಚ್ಚಿದಷ್ಟೂ ಎಸ್ ಹಿಂದೆ ಬೀಳುತ್ತದೆ.

ಈ ಅಂತರದ ಸೆಕೆಂಡುಗಳನ್ನು 8ರಿಂದ ಗುಣಿಸಿ, ದೂರ ಕಿ.ಮೀ.ಗಳಲ್ಲಿ ಸಿಗುತ್ತದೆ. 25 ಸೆಕೆಂಡ್ ಇದ್ದರೆ 200 ಕಿ.ಮೀ. ಕೆಲವು ನೂರು ಕಿ.ಮೀ. ಒಳಗಷ್ಟೇ ಈ ಸುಲಭ ಗುಣಾಕಾರ ನಡೆಯುತ್ತದೆ. ಪಿ ಗುರುತನ್ನು ಮೇಲೆ-ಕೆಳಗಿನ ಅಲುಗಾಟದ ಗೆರೆಯಲ್ಲಿ ಹಾಕಿ, ಎಸ್‌ಗೆ ಅಡ್ಡ ಅಲುಗಾಟದ ಗೆರೆಗಳನ್ನು ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ: ಪಿ ಅಲೆಯ ಬಾಲ ಇನ್ನೂ ಆಡುತ್ತಿರುವಾಗಲೇ ಎಸ್ ಬಂದು ಅದರೊಳಗೆ ಅಡಗಿಬಿಡುತ್ತದೆ. ಗುರುತು ಒಂದು ಸೆಕೆಂಡ್ ತಪ್ಪಿದರೂ 8 ಕಿ.ಮೀ. ಹೋಯಿತು.

ಮಾಪಕಗಳಿರುವ ಕನಿಷ್ಠ ಮೂರು ಕೇಂದ್ರಗಳ ಸುತ್ತ ಆಯಾ ದೂರದ ವೃತ್ತ ಎಳೆಯಿರಿ, ಅವು ಕೂಡುವಲ್ಲೇ ಕಂಪನದ ನೆಲೆ. ಅವು ಒಂದೇ ಚುಕ್ಕೆಯಲ್ಲಿ ಕೂಡದೆ ಸಣ್ಣ ತ್ರಿಕೋನ ಬಿಟ್ಟರೆ ಗಾಬರಿ ಬೇಡ. ನೀವು ಅಳೆದದ್ದು ನೆಲದಡಿಯ ಬಿರುಕಿನವರೆಗಿನ ಓರೆ ದೂರವನ್ನು, ಎಳೆದದ್ದು ಸಪಾಟು ನಕ್ಷೆಯ ಮೇಲೆ. ಕೇಂದ್ರಗಳೆಲ್ಲ ಒಂದೇ ಕಡೆಗಿದ್ದರೆ ಮಾತ್ರ ಉತ್ತರವನ್ನು ನಂಬಬೇಡಿ. ಗೌರಿಬಿದನೂರಿನಲ್ಲಿ ಎಲ್ ಆಕಾರದಲ್ಲಿ ಹರಡಿರುವಂಥ ಮಾಪಕಗಳ ಸಾಲಿದ್ದರೆ, ಅಲೆ ಯಾವ ಮಾಪಕವನ್ನು ಎಷ್ಟು ಮೊದಲು ಮುಟ್ಟಿತೆಂದು ನೋಡಿ ಅದು ಬಂದ ದಿಕ್ಕನ್ನೂ ಹೇಳಬಹುದು.

ಈಗ ಈ ಕೆಲಸ ಕಂಪ್ಯೂಟರಿನದು. ಅಕ್ಷಾಂಶ, ರೇಖಾಂಶ, ಆಳ, ಕಂಪಿಸಿದ ವೇಳೆ ನಾಲ್ಕನ್ನೂ ಊಹಿಸಿ, ಅಲೆಗಳು ನಿಜಕ್ಕೂ ಬಂದ ಸಮಯಕ್ಕೆ ಹೊಂದುವವರೆಗೆ ತಿದ್ದುತ್ತಾ ಹೋಗುತ್ತದೆ. ಆಳವೇ ಕಗ್ಗಂಟು. ಹತ್ತಿರದಲ್ಲಿ ಮಾಪಕವಿಲ್ಲದಿದ್ದರೆ ಅದನ್ನು 10 ಕಿ.ಮೀ.ಗೆ ಕಟ್ಟಿಹಾಕುವುದು ರೂಢಿ. ಸುದ್ದಿಯಲ್ಲಿ ಮತ್ತೆ ಮತ್ತೆ ಕಾಣುವ ‘10 ಕಿ.ಮೀ. ಆಳ’ದ ಗುಟ್ಟು ಬಹಳ ಸಲ ಇಷ್ಟೇ!

ಇನ್ನು ಪರಿಮಾಣ, ಅಂದರೆ ಕಂಪನ ಎಷ್ಟು ದೊಡ್ಡದೆಂಬ ಅಂಕಿ. ಅಮೆರಿಕದ ಭೂಕಂಪ ವಿಜ್ಞಾನಿ ಚಾರ್ಲ್ಸ್ ರಿಕ್ಟರ್ 1935ರಲ್ಲಿ ಕೊಟ್ಟ ಕ್ರಮದಲ್ಲಿ, 100 ಕಿ.ಮೀ. ದೂರದ ವುಡ್-ಆಂಡರ್ಸನ್ ಮಾಪಕದ (ಆ ಕಾಲದ ಒಂದು ಬಗೆಯ ಭೂಕಂಪಮಾಪಕ) ಗೆರೆ 1 ಮಿ.ಮೀ. ಎದ್ದರೆ ಪರಿಮಾಣ 3, 10 ಮಿ.ಮೀ.ಗೆ 4. ಅದೇ 10 ಮಿ.ಮೀ. 200 ಕಿ.ಮೀ. ದೂರದಲ್ಲಿ ಸಿಕ್ಕರೆ ಸುಮಾರು 4.5. ಹತ್ತಾರು ಕೇಂದ್ರಗಳ ಸರಾಸರಿ ತೆಗೆಯಿರಿ. ತುದಿ ಕತ್ತರಿಸಿದಂತೆ ಚಪ್ಪಟೆಯಾದ ಗೆರೆಯನ್ನು ಕೈಬಿಡಿ, ಅಲ್ಲಿ ಮಾಪಕ ತನ್ನ ಮಿತಿ ಮೀರಿದೆ.

ದೊಡ್ಡ ಕಂಪನಕ್ಕೆ ಈ ಅಳತೆ ಸಾಲದು, 7ರ ಸುತ್ತಮುತ್ತ ಏರುವುದನ್ನೇ ನಿಲ್ಲಿಸುತ್ತದೆ. ಆಗ ಜಾರಿದ ಬಿರುಕಿನ ವಿಸ್ತೀರ್ಣ, ಜಾರಿದ ದೂರ, ಶಿಲೆಯ ಬಿಗಿತ ಮೂರನ್ನೂ ಗುಣಿಸಿ ‘ಮೊಮೆಂಟ್’ ಪರಿಮಾಣ ತೆಗೆಯುತ್ತಾರೆ. 20 ಕಿ.ಮೀ. ಉದ್ದ, 10 ಕಿ.ಮೀ. ಅಗಲದ ಬಿರುಕು 1 ಮೀಟರ್ ಜಾರಿದರೆ ಸುಮಾರು 6.5. ಭುಜ್‌ನ 2001ರ ಕಂಪನಕ್ಕೆ ಸಾಮಾನ್ಯವಾಗಿ ಹೇಳುವ 7.7 ಈ ಬಗೆಯ ಅಂಕಿ, ರಿಕ್ಟರ್‌ನದಲ್ಲ. ಪತ್ರಿಕೆಗಳು ಮಾತ್ರ ಇಂದಿಗೂ ‘ರಿಕ್ಟರ್ ಮಾಪಕದಲ್ಲಿ’ ಎಂದೇ ಬರೆಯುತ್ತವೆ.