ಕಮರದ ಸಸಿ: ಮೊದಲು ಬೇರಿಗೆ ಜಾಗ ಮಾಡಿ

ಭಾರತ ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ತಾನಾಗಿ ಬೆಳೆಯದ ಮರ ಕಮರ, ಅಂದರೆ ಹಾರ್ಡ್‌ವಿಕಿಯಾ ಬೈನೇಟಾ. ಎರಡು ಎಲೆ ಬುಡದಲ್ಲಿ ಜೋಡಿಯಾಗಿ ದನದ ಗೊರಸಿನಂತೆ ಕಾಣುವುದೇ ಗುರುತು. ಚಿತ್ರದುರ್ಗದಂಥ ಒಣ ಸೀಮೆಯಲ್ಲಿ ಇದು ಗುಂಪುಗುಂಪಾಗಿ ಇರುತ್ತದೆ; ಒಂದು ಗುಡ್ಡದಲ್ಲಿ ಕಂಡರೆ ಪಕ್ಕದ ಗುಡ್ಡದಲ್ಲಿ ಇರುವುದಿಲ್ಲ. ಬೀಜ ಗಾಳಿಗೆ ಹಾರಿದರೂ ಹೆಚ್ಚು ದೂರ ಹೋಗದು, ಪ್ರತಿವರ್ಷ ಚೆನ್ನಾಗಿ ಕಟ್ಟುವುದೂ ಇಲ್ಲ. ಮೊಳೆತದ್ದನ್ನು ಆಡು, ದನ ಬಿಡುವುದಿಲ್ಲ. ಗರಸು, ಕಲ್ಲುನೆಲ ಇದಕ್ಕೆ ಒಗ್ಗುತ್ತದೆ. ನೀರು ನಿಲ್ಲುವ ಎರೆಭೂಮಿಯಲ್ಲಿ ಮಾತ್ರ ಹಾಕಬೇಡಿ.

ಏಪ್ರಿಲ್–ಮೇ ತಿಂಗಳಲ್ಲಿ ಮರದ ಕೆಳಗೆ ತಾಡಪಾಲು ಹಾಸಿ ಕೊಂಬೆ ಅಲುಗಿಸುತ್ತೇನೆ. ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜ, ಉಳಿದದ್ದು ಕಾಗದದಂಥ ರೆಕ್ಕೆ. ತುದಿಯನ್ನು ಉಗುರಿನಿಂದ ಒತ್ತಿದಾಗ ಗಟ್ಟಿಯಾಗಿರದಿದ್ದರೆ ಅದು ಜೊಳ್ಳು, ಇಲ್ಲವೇ ಹುಳು ತಿಂದದ್ದು. ಬೀಜ ಬಿಡಿಸುವ ಗೋಜು ಬೇಡ. ರೆಕ್ಕೆ ಕತ್ತರಿಸಿ, ಒಂದು ರಾತ್ರಿ ತಣ್ಣೀರಲ್ಲಿ ನೆನೆಸಿ ಊರಿದರೆ ಸಾಕು. ಬಿಸಿನೀರು ಬೇಡ. ಆ ವರ್ಷದ ಬೀಜ ಆ ವರ್ಷವೇ ಬಳಸುತ್ತೇನೆ.

ಕೆಡುವುದೆಲ್ಲ ಬೇರಿನಲ್ಲಿ. ಮೇಲೆ ಗೇಣುದ್ದವೂ ಬೆಳೆಯದ ಸಸಿ ಕೆಳಗೆ ಅದರ ಎರಡರಷ್ಟು ತಾಯಿಬೇರು ಇಳಿಸಿರುತ್ತದೆ. ಗಿಡ್ಡ ಚೀಲದಲ್ಲಿ ಬೇರು ಸುರುಳಿ ಸುತ್ತುತ್ತದೆ, ಅಥವಾ ತೂತಿನಿಂದ ನೆಲಕ್ಕಿಳಿದು ಚೀಲ ಎತ್ತುವಾಗ ಪಟ್ಟನೆ ಕಡಿಯುತ್ತದೆ. ಅಂಥ ಸಸಿ ನೆಟ್ಟ ಮೇಲೆ ಹಸಿರಾಗೇ ಕಾಣುತ್ತದೆ, ಆದರೆ ಬೇಸಿಗೆ ದಾಟುವುದಿಲ್ಲ. ಆದ್ದರಿಂದ 30 ಸೆಂ.ಮೀ.ಗಿಂತ ಉದ್ದದ ಚೀಲವೇ ಆಗಬೇಕು. ಕೆಮ್ಮಣ್ಣು ಎರಡು ಪಾಲು, ಮರಳು ಒಂದು, ಕೊಟ್ಟಿಗೆ ಗೊಬ್ಬರ ಒಂದು. ಚೀಲಗಳನ್ನು ಕಲ್ಲಿನ ಮೇಲೆ ಹಲಗೆ ಇಟ್ಟು ಜೋಡಿಸುತ್ತೇನೆ. ಕೆಳಗೆ ಗಾಳಿಯಾಡಿದರೆ ಹೊರಬಂದ ಬೇರಿನ ತುದಿ ಅಲ್ಲೇ ಒಣಗಿ ನಿಲ್ಲುತ್ತದೆ.

ನನಗೆ ಇದಕ್ಕಿಂತ ನೇರ ಬಿತ್ತನೆಯೇ ಹೆಚ್ಚು ಸರಿ. 45 ಸೆಂ.ಮೀ. ಗುಂಡಿ ತೋಡಿ, ತಳದಲ್ಲಿ ಹಾರೆಯಿಂದ ಇನ್ನೊಂದು ಅಡಿ ಚುಚ್ಚಿ ಗಟ್ಟಿ ಪದರ ಒಡೆಯಬೇಕು. ಆ ತೂತಿಗೆ ಸಡಿಲ ಮಣ್ಣು ತುಂಬಿ, ಗುಂಡಿ ಮುಚ್ಚಿ, ಮುಂಗಾರಿನ ಮೊದಲ ಹದ ಮಳೆಗೆ ಒಂದು ಗುಂಡಿಗೆ ಮೂರು ಕಾಯಿ, ಒಂದು ಸೆಂ.ಮೀ. ಆಳಕ್ಕೆ. ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಬದು, ಸುತ್ತ ಜಾಲಿಮುಳ್ಳು. ಹುಲ್ಲು ಬುಡಕ್ಕೆ ಬರದಂತೆ ಎರಡು ಸಲ ಕಳೆ ತೆಗೆಯಬೇಕು.

ಮೊದಲ ಬೇಸಿಗೆಗಳಲ್ಲಿ ಮೇಲಿನ ಚಿಗುರು ಪೂರ್ತಿ ಒಣಗಬಹುದು. ಸತ್ತಿತೆಂದು ಕೀಳಬೇಡಿ, ಮುಳ್ಳಿನ ಬೇಲಿಯನ್ನೂ ತೆಗೆಯಬೇಡಿ. ಬೇರು ಬದುಕಿದ್ದರೆ ಮುಂದಿನ ಮಳೆಗೆ ಅದೇ ಬುಡದಿಂದ ಮತ್ತೆ ಒಡೆಯುತ್ತದೆ.