ಜರ್ಮನಿಯಲ್ಲಿ ಔಸ್‌ಬಿಲ್ಡುಂಗ್ ಸೇರಬೇಕೇ? ಮೊದಲು ಕಂಪನಿ ಹುಡುಕಿ

ಔಸ್‌ಬಿಲ್ಡುಂಗ್, ಅಂದರೆ ಜರ್ಮನಿಯ ವೃತ್ತಿ ತರಬೇತಿ, ಮಾಡಬೇಕು ಅಂದ ಕೂಡಲೇ ತುಂಬಾ ಜನ ಕಾಲೇಜು ಹುಡುಕಲು ಶುರು ಮಾಡುತ್ತಾರೆ. ಶಾಲೆಯಲ್ಲೇ ನಡೆಯುವ ಕೋರ್ಸ್‌ಗಳೂ ಇವೆ, ಆದರೆ ಹೆಚ್ಚಿನವಕ್ಕೆ ನಿಮಗೆ ಬೇಕಾಗಿರುವುದು ಕಲಿಸಲು ಒಪ್ಪುವ ಕಂಪನಿ. ಒಪ್ಪಂದ ಕಂಪನಿ ಜೊತೆ, ಸಂಬಳ ಕೊಡುವುದೂ ಅವರೇ, ಮಧ್ಯೆ ವಾರಕ್ಕೆ ಒಂದೆರಡು ದಿನ ಇಲ್ಲವೇ ಒಟ್ಟಿಗೆ ಕೆಲವು ವಾರ ಬೆರೂಫ್ಸ್‌ಶೂಲೆ ಅನ್ನುವ ವೃತ್ತಿ ಶಾಲೆಗೆ ಹೋಗುತ್ತೀರಿ.

ಸಾಮಾನ್ಯವಾಗಿ ಆಗಸ್ಟ್ ಇಲ್ಲವೇ ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ. ಬ್ಯಾಂಕು, ದೊಡ್ಡ ಕಂಪನಿಗಳು ಸುಮಾರು ಒಂದು ವರ್ಷ ಮೊದಲೇ ಅರ್ಜಿ ಕರೆಯುತ್ತವೆ. ಖಾಲಿ ಜಾಗಗಳನ್ನು ಅಲ್ಲಿನ ಸರ್ಕಾರಿ ಉದ್ಯೋಗ ಸಂಸ್ಥೆ ಬುಂಡೆಸ್‌ಆಗೆಂಟೂರ್ ಫ್ಯೂರ್ ಆರ್ಬೈಟ್ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು. ಜಾಗ ಕೊಡಿಸುತ್ತೇನೆ ಅಂತ ಲಕ್ಷಗಟ್ಟಲೆ ಕೇಳುವವರಿಗೆ ದಯವಿಟ್ಟು ದುಡ್ಡು ಕೊಡಬೇಡಿ. ಅದರ ಬದಲು ಜರ್ಮನ್ ಕಲಿಯಿರಿ. ವೀಸಾಗೆ ಸಾಮಾನ್ಯವಾಗಿ ಬಿ1 ಅನ್ನುವ ಮಧ್ಯಮ ಮಟ್ಟದ ಜರ್ಮನ್ ಕೇಳುತ್ತಾರೆ, ಆದರೆ ಶಾಲೆಯ ಪಾಠ, ಪರೀಕ್ಷೆ ಎಲ್ಲಾ ಜರ್ಮನ್‌ನಲ್ಲೇ ಇರುವುದರಿಂದ ಅದರ ಮುಂದಿನ ಹಂತ ಬಿ2 ತನಕ ಕಲಿತು ಹೋದರೆ ಒಳ್ಳೆಯದು ಅನ್ನುತ್ತೇನೆ.

ಒಪ್ಪಂದ ಕೈಗೆ ಬಂದಾಗ ಸುಮ್ನೆ ಸಹಿ ಹಾಕಬೇಡಿ. ಪ್ರೊಬೆಟ್ಸೈಟ್ ಅಂದರೆ ಪ್ರೊಬೇಷನ್ ಅವಧಿ ಎಷ್ಟು ಅಂತ ನೋಡಿ. ಅದು ಒಂದರಿಂದ ನಾಲ್ಕು ತಿಂಗಳು ಇರಬಹುದು, ಆ ಸಮಯದಲ್ಲಿ ಅವರೂ ಬಿಡಿಸಬಹುದು, ನೀವೂ ಬಿಡಬಹುದು. ಆಮೇಲೆ ಗಂಭೀರ ಕಾರಣ ಇಲ್ಲದೆ ಕಂಪನಿ ನಿಮ್ಮನ್ನು ತೆಗೆಯುವಂತಿಲ್ಲ. ಸಂಬಳಕ್ಕೆ ಕಾನೂನಿನ ಕನಿಷ್ಠ ಮಿತಿ ಇದೆ: 2025ರಲ್ಲಿ ಶುರು ಮಾಡಿದವರಿಗೆ ಮೊದಲ ವರ್ಷ ತಿಂಗಳಿಗೆ 682 ಯೂರೋ, ವರ್ಷದಿಂದ ವರ್ಷಕ್ಕೆ ಏರುತ್ತದೆ. ವಿಮೆ ಕಳೆದರೆ ಕೈಗೆ ಇನ್ನೂ ಕಡಿಮೆ ಬರುತ್ತದೆ, ಮ್ಯೂನಿಕ್‌ನಂಥ ಊರಲ್ಲಿ ಅದೆಲ್ಲಾ ಬಾಡಿಗೆಗೇ ಹೋಗಿಬಿಡುತ್ತದೆ. ಹಾಗಾಗಿ ಊರು ನೋಡಿ ಅರ್ಜಿ ಹಾಕಿ.

ಸೇರಿದ ಮೇಲೆ ಜಾಸ್ತಿ ಜನ ಅಸಡ್ಡೆ ಮಾಡುವುದು ಬೆರಿಖ್ಟ್ಸ್‌ಹೆಫ್ಟ್, ಅಂದರೆ ದಿನಚರಿ ಪುಸ್ತಕ. "ಸೋಮವಾರ: ಫ್ಯೂಸ್ ಬಾಕ್ಸ್ ವೈರಿಂಗ್, ನಂತರ ಇನ್ಸುಲೇಷನ್ ಅಳತೆ" ಅಂತ ಅಂದಂದೇ ಬರೆದಿಡಿ, ಕಲಿಸುವವರ ಸಹಿ ಹಾಕಿಸಿ. ಇದನ್ನು ಕೆಲಸದ ಸಮಯದಲ್ಲೇ ಬರೆಯಲು ಬಿಡಬೇಕು ಅಂತ ಕಾನೂನೇ ಹೇಳುತ್ತದೆ. ಈ ಪುಸ್ತಕ ಇಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಇನ್ನೊಂದು ಉಪಯೋಗವೂ ಇದೆ. ತಿಂಗಳುಗಟ್ಟಲೆ ಬರೀ ಗುಡಿಸು, ಕಾಫಿ ತಾ ಅನ್ನುತ್ತಿದ್ದರೆ ಅದೂ ಅದರಲ್ಲೇ ದಾಖಲಾಗಿರುತ್ತದೆ ಅಲ್ವಾ? ಅಂಥ ಕೆಲಸವನ್ನೇ ಮಾಡಿಸುವ ಹಕ್ಕು ಅವರಿಗಿಲ್ಲ. ಮೊದಲು ಕಂಪನಿಯಲ್ಲೇ ಮಾತಾಡಿ, ಸರಿಹೋಗದಿದ್ದರೆ ಪುಸ್ತಕ ತೆಗೆದುಕೊಂಡು ಐಎಚ್‌ಕೆ (ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿ) ಇಲ್ಲವೇ ಹಾಂಡ್‌ವೆರ್ಕ್ಸ್‌ಕಾಮರ್‌ನ (ಕುಶಲಕರ್ಮಿ ವೃತ್ತಿಗಳ ಮಂಡಳಿ) ಸಲಹೆಗಾರರ ಹತ್ತಿರ ಹೋಗಿ.